ಮುರಿಯದೆ ಉಳಿದ ಐದು ಕಂತು

ಪ್ರಶ್ನೆ: ನಾನು ಗಿಣಿಗೇರಾ ಹತ್ತಿರದ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಎಂಜಿನಿಯರ್. ಊರು ಗಂಗಾವತಿ ತಾಲ್ಲೂಕಿನ ಒಂದು ಹಳ್ಳಿ, ಮನೆ ಮಾಡಿರುವುದು ಕೊಪ್ಪಳದ ಭಾಗ್ಯನಗರದಲ್ಲಿ. 2024ರ ಜುಲೈನಲ್ಲಿ ಕಂಪನಿಯ ಲೀಸ್ ಯೋಜನೆಯಲ್ಲಿ ಸಣ್ಣ ಪೆಟ್ರೋಲ್ ಕಾರು ತಗೊಂಡೆ. ನಾಲ್ಕು ವರ್ಷದ ಕರಾರು. ತಿಂಗಳಿಗೆ 15,480 ರೂಪಾಯಿ ಪಗಾರದಲ್ಲೇ ಮುರಿದುಕೊಳ್ಳುತ್ತಿದ್ದರು. ಕಳೆದ ಅಕ್ಟೋಬರ್‌ನಲ್ಲಿ ಪಗಾರದ ಸಾಫ್ಟ್‌ವೇರ್ ಬದಲಾಯಿತು. ಆ ತಿಂಗಳಿಂದ ಫೆಬ್ರವರಿವರೆಗೆ, ಐದು ತಿಂಗಳು, ಕಾರಿನ ಕಂತು ಮುರಿದೇ ಇಲ್ಲ. ಈಗ ಎಚ್.ಆರ್.ನಿಂದ ಮೇಲ್ ಬಂದಿದೆ. ಬಾಕಿ 77,400 ರೂಪಾಯಿಯನ್ನು ಮಾರ್ಚ್ ಮತ್ತು ಏಪ್ರಿಲ್, ಎರಡೇ ಪಗಾರದಲ್ಲಿ ಮುರಿದುಕೊಳ್ಳುತ್ತಾರಂತೆ. ನನ್ನ ಒಟ್ಟು ಪಗಾರ 72,000. ಪಿ.ಎಫ್. 4,200, ವೃತ್ತಿ ತೆರಿಗೆ 200, ಸೊಸೈಟಿ ಸಾಲದ ಕಂತು 6,000, ಕಾರಿನ ಈ ತಿಂಗಳ ಕಂತು, ಮೇಲೆ ಈ ಬಾಕಿ. ಎಲ್ಲ ಹೋಗಿ ಕೈಗೆ ಬರುವುದು 7,420.

ಸುಳ್ಳು ಹೇಳುವುದಿಲ್ಲ, ನನಗೆ ನವೆಂಬರ್‌ನಲ್ಲೇ ಗೊತ್ತಾಗಿತ್ತು. ಅವರೇ ಕೇಳಲಿ ಅಂತ ಸುಮ್ಮನಿದ್ದೆ. ಈ ಸಲ ಎರಡನೇ ಬೆಳೆಗೆ ಕಾಲುವೆ ನೀರು ಬಿಡಲಿಲ್ಲ, ಊರಲ್ಲಿ ತಮ್ಮನ ಟ್ರ್ಯಾಕ್ಟರ್ ಕಂತು ನಿಂತಿತ್ತು. 40,000 ಅವನಿಗೆ ಕೊಟ್ಟೆ. ಉಳಿದದ್ದು ಮನೆಖರ್ಚಿಗೆ, ಗವಿಮಠದ ಜಾತ್ರೆಗೆ ಯಲಬುರ್ಗಾದಿಂದ ಬಂದ ಬೀಗರ ಉಪಚಾರಕ್ಕೆ ಹೋಯಿತು. ಹೆಂಡತಿ ಇನ್‌ಕ್ರಿಮೆಂಟ್ ಆಗಿದೆ ಅಂದುಕೊಂಡಳು, ನಾನೂ ಹೌದೆಂದೆ. ಎಚ್.ಆರ್.ನವರು ಕೇಳಿದಾಗ ‘ಗಮನಿಸಿಲ್ಲ ಸರ್’ ಅಂದುಬಿಟ್ಟೆ. ಕುಷ್ಟಗಿಯ ಸೋದರಮಾವ, ನಿವೃತ್ತ ಮಾಸ್ತರರು, ಸುಪ್ರೀಂ ಕೋರ್ಟಿನ ತೀರ್ಪೊಂದನ್ನು ವಾಟ್ಸಾಪ್ ಮಾಡಿ ‘ತಪ್ಪು ಅವರದು, ಒಂದು ಪೈಸೆ ಕೊಡಬ್ಯಾಡ’ ಅನ್ನುತ್ತಾರೆ. ತೋರಣಗಲ್ಲಿನಲ್ಲಿ ಬೇರೆ ನೌಕರಿ ಸಿಗುವ ಹಾಗಿದೆ. ಬಿಟ್ಟು ಹೋಗಿಬಿಡಲೇ? ರಾತ್ರಿ ಪಾಳಿಯಲ್ಲಿ ಇದೊಂದೇ ಯೋಚನೆ.

ಉತ್ತರ: ರಾಜೀನಾಮೆ ಪತ್ರ ಟೈಪ್ ಮಾಡಿಟ್ಟಿದ್ದರೆ ಮೊದಲು ಅದನ್ನು ಅಳಿಸಿರಿ. ನೌಕರಿ ಬಿಟ್ಟರೆ ಈ ಬಾಕಿ ಎರಡು ತಿಂಗಳಿನದಾಗಿ ಉಳಿಯುವುದಿಲ್ಲ, ಒಂದೇ ದಿನದ್ದಾಗುತ್ತದೆ. ಕೊನೆಯ ಲೆಕ್ಕದಲ್ಲಿ ಕಂಪನಿ ಎಲ್ಲವನ್ನೂ ಹಿಡಿದುಕೊಂಡೇ ಉಳಿದದ್ದನ್ನು ಕೊಡುವುದು. ಜೊತೆಗೆ ಕಾರು ನಿಮ್ಮದಲ್ಲ. ಆರ್.ಸಿ. ಕಾರ್ಡ್ ತೆಗೆದು ನೋಡಿ, ಲೀಸ್ ಕಂಪನಿಯ ಹೆಸರು ಅದರಲ್ಲಿರುತ್ತದೆ. ಕರಾರು ಮುಗಿಯುವುದು 2028ರ ಜೂನ್‌ಗೆ. ಮಾರ್ಚ್ ಕಳೆದ ಮೇಲೂ 27 ಕಂತು ಉಳಿದಿರುತ್ತವೆ. ನಡುವೆ ಬಿಟ್ಟರೆ ಉಳಿದ ಹಣ ಕಟ್ಟಿ ಕಾರು ಬಿಡಿಸಿಕೊಳ್ಳಬೇಕು, ಇಲ್ಲವೇ ಅವಧಿಗೆ ಮುಂಚೆ ಮುರಿದದ್ದಕ್ಕೆ ದಂಡ ಕಟ್ಟಿ ಕಾರು ಹಿಂದಿರುಗಿಸಬೇಕು. ದರ ಎಷ್ಟು ಅನ್ನುವುದು ನೀವು ಸಹಿ ಮಾಡಿದ ಕಾಗದದಲ್ಲಿದೆ. ತೋರಣಗಲ್ಲಿಗೆ ಹೋಗುವುದಿದ್ದರೆ ಅಲ್ಲಿಯ ಪಗಾರ ನೋಡಿ ಹೋಗಿ. ಈ 77,400ಕ್ಕೆ ಹೆದರಿ ಹೋಗುವುದಾದರೆ ಅದರ ಎರಡು–ಮೂರು ಪಟ್ಟನ್ನು ಹೆಗಲಿಗೆ ಹಾಕಿಕೊಂಡಂತೆ.

ಮಾವನವರು ಕಳಿಸಿದ ತೀರ್ಪು ಯಾವುದೆಂದು ಊಹಿಸಬಲ್ಲೆ. ಪಂಜಾಬ್ ಸರ್ಕಾರ ಮತ್ತು ರಫೀಕ್ ಮಸೀಹ್ ನಡುವಿನದು, 2014ರ ಡಿಸೆಂಬರ್ 18ರದು. ನಿವೃತ್ತ ಮಾಸ್ತರರ ಗುಂಪುಗಳಲ್ಲಿ ಅದು ವರ್ಷಕ್ಕೆ ನಾಲ್ಕು ಸಲ ಸುತ್ತುತ್ತದೆ, ಸುತ್ತಲೇಬೇಕು, ಅವರಿಗೆ ಅದು ಬಹಳ ಉಪಯೋಗದ್ದು. ಸರ್ಕಾರ ತಾನೇ ತಪ್ಪು ಲೆಕ್ಕ ಹಾಕಿ ಹೆಚ್ಚು ಸಂಬಳ ಕೊಟ್ಟು, ವರ್ಷಗಳ ಮೇಲೆ ವಾಪಸ್ ಕೇಳಿದಾಗ ಯಾರಿಂದ ಕೇಳಬಾರದು ಅಂತ ಕೋರ್ಟು ಅಲ್ಲಿ ಹೇಳಿದೆ: ಮೂರನೇ ಮತ್ತು ನಾಲ್ಕನೇ ದರ್ಜೆಯ ನೌಕರರು, ನಿವೃತ್ತರು, ಒಂದು ವರ್ಷದೊಳಗೆ ನಿವೃತ್ತರಾಗುವವರು, ಐದು ವರ್ಷಕ್ಕಿಂತ ಹಿಂದಿನಿಂದ ಹೆಚ್ಚು ಪಡೆಯುತ್ತ ಬಂದವರು, ಹೀಗೆ. ನೀವು ಸರ್ಕಾರಿ ನೌಕರರಲ್ಲ, ನಿವೃತ್ತಿ ದೂರವಿದೆ, ಕಳೆದಿರುವುದು ಐದು ತಿಂಗಳು. ಇನ್ನೊಂದು ವ್ಯತ್ಯಾಸವೂ ಇದೆ. ನಿಮಗೆ ಬಂದದ್ದು ಬರೀ ಹೆಚ್ಚಿನ ಪಗಾರವಲ್ಲ. ಆ ಐದು ತಿಂಗಳೂ ಕಾರು ಭಾಗ್ಯನಗರದಿಂದ ಗಿಣಿಗೇರಾಕ್ಕೆ ಓಡಿದೆ, ಬೀಗರನ್ನು ಜಾತ್ರೆಯಿಂದ ಯಲಬುರ್ಗಾಕ್ಕೆ ಬಿಟ್ಟು ಬಂದಿದೆ. ಮಾವನವರಿಗೆ ನಮಸ್ಕಾರ ಹೇಳಿ, ತೀರ್ಪನ್ನು ಪಕ್ಕಕ್ಕಿಡಿ. ಬಾಕಿ ನಿಮ್ಮದೇ.

ಬಾಕಿ ನಿಮ್ಮದು ಅಂದೆ, 77,400 ನಿಮ್ಮದು ಅನ್ನಲಿಲ್ಲ.

ಪತ್ರದಲ್ಲಿ 15,480 ಅನ್ನುವ ಅಂಕಿ ಕಂಡಾಗಲೇ ಅನುಮಾನ ಬಂತು. ಕ್ಯಾಲ್ಕುಲೇಟರ್ ತೆಗೆದು 1.29ರಿಂದ ಭಾಗಿಸಿದೆ. ಸರಿಯಾಗಿ 12,000 ಬಂತು, ಪೈಸೆಯೂ ಹೆಚ್ಚುಕಮ್ಮಿ ಇಲ್ಲ. ಅಂದರೆ ನಿಮ್ಮ ಕಂತು 12,000 ರೂಪಾಯಿ ಬಾಡಿಗೆ, ಅದರ ಮೇಲೆ 28 ಪರ್ಸೆಂಟ್ ಜಿಎಸ್‌ಟಿ, 1 ಪರ್ಸೆಂಟ್ ಸೆಸ್. 2024ರಲ್ಲಿ 1,200 ಸಿಸಿ ಮತ್ತು ನಾಲ್ಕು ಮೀಟರ್ ಉದ್ದ ಮೀರದ ಪೆಟ್ರೋಲ್ ಕಾರಿಗೆ ಇದ್ದದ್ದು ಇದೇ ದರ. ಕಾರನ್ನು ಲೀಸಿಗೆ ಕೊಟ್ಟಾಗಲೂ ಮಾರಾಟಕ್ಕಿರುವ ದರವನ್ನೇ ತಿಂಗಳ ಬಾಡಿಗೆಯ ಮೇಲೆ ಹಾಕುತ್ತಾರೆ. ಆದರೆ 2025ರ ಸೆಪ್ಟೆಂಬರ್ 22ರಿಂದ ಇಂಥ ಕಾರುಗಳ ಜಿಎಸ್‌ಟಿ 18ಕ್ಕೆ ಇಳಿಯಿತು, ಸೆಸ್ಸೂ ಹೋಯಿತು. ದಸರಾ ಹೊತ್ತಿನಲ್ಲಿ ಶೋರೂಮುಗಳ ಮುಂದೆ ಜನ ನಿಂತದ್ದು ನಿಮಗೂ ನೆನಪಿರಬೇಕು. ನಿಮ್ಮ ಐದೂ ಕಂತುಗಳು ಅಕ್ಟೋಬರ್‌ನಿಂದ ಈಚಿನವು. 12,000ಕ್ಕೆ 18 ಪರ್ಸೆಂಟ್ ಸೇರಿದರೆ 14,160. ಐದು ತಿಂಗಳಿಗೆ 70,800. ಎಚ್.ಆರ್.ನವರು ಹಳೆಯ ಅಂಕಿಯನ್ನೇ ಐದರಿಂದ ಗುಣಿಸಿದ್ದಾರೆ. ವ್ಯತ್ಯಾಸ 6,600 ರೂಪಾಯಿ. ಹೊಸ ದರ ತುಂಬುವಾಗಲೇ ನಿಮ್ಮ ಹೆಸರಿನ ಸಾಲು ಬಿಟ್ಟುಹೋಗಿತ್ತೋ ಏನೋ ಅಂತಲೂ ನನಗೆ ಗುಮಾನಿ. ಅದಿರಲಿ. ಲೀಸ್ ಕಂಪನಿ ಅಕ್ಟೋಬರ್‌ನಿಂದ ನಿಮ್ಮ ಕಂಪನಿಗೆ ಕಳಿಸಿದ ಬಿಲ್ಲುಗಳ ಪ್ರತಿ ಕೇಳಿರಿ. ವಿಮೆ, ಸರ್ವಿಸ್ಸಿನ ಹಣ ಬಾಡಿಗೆಯೊಳಗೇ ಸೇರಿದ್ದರೆ ನನ್ನ ಲೆಕ್ಕ ಸ್ವಲ್ಪ ಆಚೀಚೆ ಆದೀತು. ಆದರೆ ಬಿಲ್ಲು ನೋಡದೆ 77,400ಕ್ಕೆ ಒಪ್ಪಿಗೆಯ ಮೇಲ್ ಕಳಿಸಬೇಡಿ. ಮಾರ್ಚ್‌ನಿಂದ ಮುರಿಯುವ ಮಾಮೂಲಿ ಕಂತೂ ಹೊಸ ದರದ್ದೇ ಇರಬೇಕು, ಅದನ್ನೂ ಜೊತೆಗೇ ಕೇಳಿ.

ಅದೇ ಬಿಲ್ಲುಗಳಿಂದ ಇನ್ನೊಂದು ಸಂಗತಿ ತಿಳಿಯುತ್ತದೆ. ಈ ಐದು ತಿಂಗಳು ನಿಮ್ಮ ಕಂಪನಿ ಲೀಸ್ ಕಂಪನಿಗೆ ಬಾಡಿಗೆ ಕಟ್ಟಿದೆಯೋ ಇಲ್ಲವೋ? ಸಾಮಾನ್ಯವಾಗಿ ಕಟ್ಟಿರುತ್ತದೆ, ಏಕೆಂದರೆ ಬಿಲ್ಲು ಬರುವುದು ಕಂಪನಿಯ ಹೆಸರಿಗೆ. ಹಾಗಿದ್ದರೆ ನೀವು ಬಾಕಿ ಇರುವುದು ಕಂಪನಿಗೆ ಮಾತ್ರ. ಕಾರು ಎಳೆದೊಯ್ಯಲು ಯಾರೂ ಮನೆ ಮುಂದೆ ಬರುವುದಿಲ್ಲ. ಕಟ್ಟಿಲ್ಲದಿದ್ದರೆ ತಡವಾದದ್ದಕ್ಕೆ ದಂಡ ಬಿದ್ದಿರುತ್ತದೆ. ಆ ದಂಡ ಅವರ ಸಾಫ್ಟ್‌ವೇರಿನದು, ನಿಮ್ಮ ತಲೆಗೆ ಬರಕೂಡದು, ಅದನ್ನು ಬರಹದಲ್ಲಿ ಹೇಳಿಸಿಕೊಳ್ಳಿ. ಎಂ-ಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ ವಿಮೆ ಚಾಲ್ತಿಯಲ್ಲಿದೆಯೇ ಅಂತ ಇವತ್ತೇ ನೋಡಿ. ಕಂತಿನ ಗದ್ದಲದಲ್ಲಿ ವಿಮೆಯೂ ಎಲ್ಲಾದರೂ ನಿಂತಿದ್ದರೆ ಹೊಸಪೇಟೆ ರಸ್ತೆಯ ಲಾರಿಗಳ ನಡುವೆ ಅದು ಎಪ್ಪತ್ತು ಸಾವಿರದ ಮಾತಾಗಿ ಉಳಿಯುವುದಿಲ್ಲ.

ಈಗ ನಿಮ್ಮ ನಿದ್ದೆ ಕೆಡಿಸಿದ 7,420. ಅದಕ್ಕೆ ನೀವು ಒಪ್ಪಬೇಕಾಗಿಲ್ಲ.

ಮೊದಲಿದ್ದ 1936ರ ವೇತನ ಪಾವತಿ ಕಾಯ್ದೆ ತಿಂಗಳಿಗೆ 24,000 ರೂಪಾಯಿಯೊಳಗಿನ ಪಗಾರದವರಿಗಷ್ಟೇ ಅನ್ವಯಿಸುತ್ತಿತ್ತು. ನಿಮ್ಮಂಥವರು ಅದರ ಆಚೆಗಿದ್ದಿರಿ. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ 2019ರ ವೇತನ ಸಂಹಿತೆ ಬಂದಿದೆ. ಅದರಲ್ಲಿ ಆ ಮಿತಿ ಇಲ್ಲ. ಹಮಾಲರಿಂದ ಮ್ಯಾನೇಜರ್‌ವರೆಗೆ ಎಲ್ಲರೂ ಒಳಗೆ. ಅದರ 18ನೇ ಕಲಮು ಯಾವುದಕ್ಕೆ ಪಗಾರ ಮುರಿಯಬಹುದು ಅಂತ ಹೇಳುತ್ತದೆ. ಹೆಚ್ಚಾಗಿ ಕೊಟ್ಟದ್ದನ್ನು ಸರಿದೂಗಿಸಲು ಮುರಿಯಬಹುದು, ಅದು ಕಂಪನಿಯ ಹಕ್ಕು. ಆದರೆ ಅದೇ ಕಲಮು ಒಂದು ಗೆರೆಯನ್ನೂ ಎಳೆದಿದೆ. ಒಂದು ತಿಂಗಳಲ್ಲಿ ಎಲ್ಲ ಬಗೆಯ ಮುರಿತ ಸೇರಿ ವೇತನದ ಅರ್ಧ ದಾಟುವಂತಿಲ್ಲ. ನಿಮ್ಮ ಪೂರ್ತಿ 72,000ವನ್ನೇ ವೇತನ ಅಂತ ಹಿಡಿದರೂ ಅರ್ಧ 36,000. ಅವರು ಕೇಳುತ್ತಿರುವ ಬಾಕಿಯ ಕಂತೊಂದೇ 38,700. ಪಿ.ಎಫ್., ಸೊಸೈಟಿ, ಈ ತಿಂಗಳ ಕಾರಿನ ಕಂತನ್ನು ಎಣಿಸುವ ಮೊದಲೇ ಗೆರೆ ದಾಟಿದೆ. ಕಾನೂನಿನ ಲೆಕ್ಕದಲ್ಲಿ ಮನೆ ಬಾಡಿಗೆ ಭತ್ಯೆಯಂಥ ಕೆಲವನ್ನು ಒಂದು ಮಿತಿಯವರೆಗೆ ವೇತನದಿಂದ ಹೊರಗಿಡುತ್ತಾರೆ, ಆಗ ಅರ್ಧ ಅನ್ನುವುದು ಇನ್ನೂ ಸಣ್ಣದಾಗುತ್ತದೆ. ಹೇಗೆ ಎಣಿಸಿದರೂ ಅವರ ಮೇಲ್ ನಿಲ್ಲುವುದಿಲ್ಲ.

ಮಾಮೂಲಿ ಮುರಿತ, ಕಾರಿನ ಹೊಸ ದರವೂ ಸೇರಿ, 24,560. ಅತಿ ಉದಾರವಾಗಿ ಎಣಿಸಿದರೂ ಅವರಿಗೆ ಉಳಿಯುವ ಜಾಗ 11,440. ನೀವು ಅಷ್ಟಕ್ಕೂ ಒಪ್ಪಬೇಡಿ. 70,800ವನ್ನು ಹನ್ನೆರಡು ತಿಂಗಳಿಗೆ ಹಂಚಿದರೆ 5,900. ಆಗ ಕೈಗೆ 41,540 ಬರುತ್ತದೆ. ಅಕ್ಟೋಬರ್‌ಗೆ ಮೊದಲು ನೀವು ಮನೆ ನಡೆಸುತ್ತಿದ್ದದ್ದು 46,120ರಲ್ಲಿ. ತಿಂಗಳಿಗೆ 4,580 ಬಿಗಿ ಹಿಡಿಯಬೇಕು. ಕಷ್ಟ, ಆದರೆ ಊಟಕ್ಕೆ ಕುತ್ತಿಲ್ಲ.

ನಾನು ಈ ಅಂಕಣಕ್ಕೆ ಬರುವ ಮೊದಲು ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಕಿರ್ದಿ ಬರೆಯುತ್ತಿದ್ದೆ. ಶನಿವಾರ ಬಟವಾಡೆ. ಹಮಾಲರು ಪಡೆದ ಮುಂಗಡವನ್ನು ವಾರವಾರ ಇಷ್ಟಿಷ್ಟು ಮುರಿಯಬೇಕು. ಒಬ್ಬನ ಹೆಸರಿನ ಮುಂದೆ ಮೂರು ವಾರ ಮುರಿಯಲು ಮರೆತಿದ್ದೆ. ನಾಲ್ಕನೇ ಶನಿವಾರ ಅವನೇ ಬಂದು, ‘ಸಾಹೇಬ್ರ, ನಂದು ಮುರಿಯೋದು ಬಿಟ್ಟೀರಿ’ ಅಂದ. ಎಂಥ ನಿಯತ್ತಿನ ಮನುಷ್ಯ ಅಂತ ನನಗೆ ಗಂಟಲು ಕಟ್ಟಿತು. ಅವನು ನಕ್ಕ. ‘ನಿಯತ್ತಲ್ರೀ. ನೀವು ಯುಗಾದಿ ಲೆಕ್ಕದಾಗ ನೋಡ್ತೀರಿ, ಒಮ್ಮಿಗೇ ಮುರಿತೀರಿ, ನಮ್ಮ ಮನ್ಯಾಗ ಹೋಳಿಗಿ ಆಗಂಗಿಲ್ಲ.’ ಅವನಿಗೆ ಓದು ಬರುತ್ತಿರಲಿಲ್ಲ. ಗೋದಾಮಿನ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಗೀಟು ಹಾಕಿಟ್ಟು ನನ್ನ ಪುಸ್ತಕಕ್ಕೆ ತಾಳೆ ನೋಡುತ್ತಿದ್ದ. ಗಿರಣಿಯ ಲೆಕ್ಕದಲ್ಲಿ ನನಗಿಂತ ಅವನೇ ಪಕ್ಕಾ ಅಂತ ಆಮೇಲೆ ಎಷ್ಟೋ ಸಲ ಅನ್ನಿಸಿದೆ. ಹೋಳಿಗೆಯಾಯಿತೋ ಇಲ್ಲವೋ ಕೇಳಲು ಮರೆತೆ.

ನವೆಂಬರ್‌ನಲ್ಲಿ ನೀವು ಹೇಳಿದ್ದರೆ ಅದು ಎರಡು ಕಂತಿನ ಮಾತಾಗಿತ್ತು. ಸುಮ್ಮನಿದ್ದದ್ದು ಕಳ್ಳತನ ಅನ್ನಲಾರೆ. ಕೈಗೆ ಬಂದ ರೊಕ್ಕಕ್ಕೆ ಮನೆಯಲ್ಲಿ ಆಗಲೇ ದಾರಿ ಕಾದಿತ್ತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋಯಿತು. ಈಗ 33 ಗೇಟನ್ನೂ ಬದಲಿಸಬೇಕೆಂದು ಬೇಸಿಗೆ ಬೆಳೆಗೆ ನೀರಿಲ್ಲ ಅಂದರು. ಗಂಗಾವತಿ, ಕಾರಟಗಿ ಕಡೆ ಎರಡು ಭತ್ತ ನಂಬಿ ಟ್ರ್ಯಾಕ್ಟರ್ ಕೊಂಡವರ ಪಾಡು ನನಗೆ ಗೊತ್ತಿದೆ. ನಿಮ್ಮ ತಮ್ಮನಿಗೆ ನೀವಲ್ಲದೆ ಇನ್ಯಾರು ಕೊಡಬೇಕಿತ್ತು? ಆದರೆ ಕೊಟ್ಟದ್ದು ಕಂಪನಿಯ ರೊಕ್ಕ, ಕೊಟ್ಟ ಹೆಸರು ನಿಮ್ಮದು. ತಮ್ಮನಿಗೆ ಇದು ಗೊತ್ತಿರಬೇಕು. ಈಗಲೇ ವಾಪಸ್ ಕೇಳಬೇಡಿ, ಅವನ ಹತ್ತಿರ ಇಲ್ಲ. ಮುಂಗಾರಿನ ಭತ್ತ ಕೊಯ್ದು ಮಾರುವುದು ನವೆಂಬರ್–ಡಿಸೆಂಬರ್‌ಗೆ. ಆಗ ಎಷ್ಟು ಕೊಡಬಲ್ಲೆ ಅಂತ ಕೇಳಿಡಿ. ಅವನು ಕೊಟ್ಟರೆ ಬಾಕಿ ಬೇಗ ಮುಗಿಯುತ್ತದೆ. ಕೊಡದಿದ್ದರೂ ನಿಮ್ಮ ಹನ್ನೆರಡು ಕಂತು ನಿಲ್ಲಬಾರದು, ಹಾಗಾಗಿ ಆ 40,000ವನ್ನು ಲೆಕ್ಕದಲ್ಲಿ ಸೇರಿಸಿಕೊಳ್ಳಬೇಡಿ.

ಎಚ್.ಆರ್. ಮುಂದೆ ಆಡಿದ ಮಾತಿನ ಬಗ್ಗೆ. ಪತ್ರ ಬರೆದು ತಪ್ಪೊಪ್ಪಿಗೆ ಕೊಡಲು ನಾನು ಹೇಳುವುದಿಲ್ಲ, ಬೇಡದ ಕಾಗದ ಬೇಡದ ಫೈಲಿಗೆ ಹೋಗುತ್ತದೆ. ಆದರೆ ಇನ್ನು ಮುಂದೆ ಕಳಿಸುವ ಯಾವ ಮೇಲ್‌ನಲ್ಲೂ ‘ನನಗೆ ಗೊತ್ತಿರಲಿಲ್ಲ’ ಅನ್ನುವ ಸಾಲು ಇರಕೂಡದು. ಬಾಯಿಮಾತಿಗಿಂತ ಬರಹದ ಸುಳ್ಳು ಭಾರ. ಅವರು ಮತ್ತೆ ಕೇಳಿದರೆ, ‘ನವೆಂಬರ್‌ನಲ್ಲಿ ಕಣ್ಣಿಗೆ ಬಿತ್ತು ಸರ್, ಹೇಳಬೇಕಿತ್ತು’ ಅನ್ನಿ. ಐದು ತಿಂಗಳು ತಾವೇ ನೋಡದಿದ್ದವರು ಅದಕ್ಕಿಂತ ಹೆಚ್ಚು ಕೆದಕಲಾರರು.

ಮೇಲ್ ಚಿಕ್ಕದಿರಲಿ. ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಲೀಸ್ ಕಂತು ಮುರಿಯದಿರುವುದನ್ನು ಒಪ್ಪುತ್ತೇನೆ. ಸೆಪ್ಟೆಂಬರ್ 22ರ ನಂತರದ ತೆರಿಗೆ ದರದಂತೆ ಬಾಕಿ ಲೆಕ್ಕ ಹಾಕಿ, ಬಿಲ್ಲುಗಳ ಪ್ರತಿ ಕೊಡಿ. ವೇತನ ಸಂಹಿತೆಯ 18ನೇ ಕಲಮಿನ ಮಿತಿಯೊಳಗೆ 12 ಸಮಾನ ಕಂತುಗಳಲ್ಲಿ ಮುರಿದುಕೊಳ್ಳಲು ಕೋರುತ್ತೇನೆ. ತಪ್ಪು ನನ್ನ ಕಡೆಯದಲ್ಲದ್ದರಿಂದ ಬಡ್ಡಿ, ದಂಡ ಬೇಡ. ಇಷ್ಟೇ. ಸೋದರಮಾವನ ತೀರ್ಪು, ತೋರಣಗಲ್ಲಿನ ನೌಕರಿ, ಕೋರ್ಟಿನ ಮಾತು ಯಾವುದೂ ಅದರಲ್ಲಿ ಬೇಡ. ಕಂಪನಿ ಎಂಟೋ ಹತ್ತೋ ಕಂತು ಅಂದರೆ ಚೌಕಾಸಿ ಮಾಡಿ, ಹತ್ತಾದರೆ 7,080, ಆದೀತು. ಏನನ್ನೂ ಕೇಳದೆ ಮಾರ್ಚ್ ಪಗಾರದಲ್ಲಿ 38,700 ಮುರಿದೇಬಿಟ್ಟರೆ ಆ ಸ್ಲಿಪ್ ಹಿಡಿದು ಕೊಪ್ಪಳದ ಕಾರ್ಮಿಕ ಇಲಾಖೆ ಕಚೇರಿಗೆ ಹೋಗಿ. ಸ್ಲಿಪ್ ಕೊಡುವುದು ಮಾಲೀಕರ ಕರ್ತವ್ಯ ಅಂತ ಸಂಹಿತೆಯೇ ಹೇಳುತ್ತದೆ, ದೂರು ಕೊಡಲು ಮೂರು ವರ್ಷದ ಅವಕಾಶವಿದೆ. ಅಲ್ಲಿಯವರೆಗೆ ಹೋಗುವ ಪ್ರಸಂಗ ಬರಲಾರದು ಅಂತ ನನ್ನ ಎಣಿಕೆ. ಕಾನೂನಿನ ಕಲಮು ನಂಬರ್ ಹಾಕಿ ಸೌಮ್ಯವಾಗಿ ಬರೆದ ಮೇಲ್‌ಗೆ ಎಚ್.ಆರ್.ನವರು ಬೇಗ ಮಣಿಯುತ್ತಾರೆ.

ಕೇಳದ ಪ್ರಶ್ನೆಗೂ ಒಂದು ಉತ್ತರ. ಈ ಲೀಸನ್ನು ನಿಮಗೆ ತೆರಿಗೆ ಉಳಿಯುತ್ತದೆ ಅಂತ ಹೇಳಿ ಒಪ್ಪಿಸಿರುತ್ತಾರೆ. 2024ರಲ್ಲಿ ಅದು ಸುಳ್ಳಲ್ಲ. ಆಗ ಹೊಸ ಪದ್ಧತಿಯ ರಿಯಾಯಿತಿ 7 ಲಕ್ಷದವರೆಗಷ್ಟೇ ಇತ್ತು, ಕಾರಿನ ಬಾಡಿಗೆ ಕಳೆದು ನಿಮ್ಮಂಥವರು ಅದರೊಳಗೆ ಬರುತ್ತಿದ್ದರು. 2025–26ರಿಂದ ಸಂಬಳದಾರರಿಗೆ ಹೊಸ ಪದ್ಧತಿಯಲ್ಲಿ 12.75 ಲಕ್ಷದವರೆಗೆ ತೆರಿಗೆಯೇ ಇಲ್ಲ. ನಿಮ್ಮ ವರ್ಷದ ಪಗಾರ 8.64 ಲಕ್ಷ. ಕಾರು ಲೀಸಾಗಿದ್ದರೂ ಸೊನ್ನೆ, ಲೀಸಿಲ್ಲದಿದ್ದರೂ ಸೊನ್ನೆ. ಆದ್ದರಿಂದ ಬಾಕಿ ಮಾರ್ಚ್ 31 ದಾಟಿದರೆ ಫಾರಂ 16 ಕೆಡುತ್ತದೆ ಅಂತ ಯಾರಾದರೂ ಹೆದರಿಸಿದರೆ ಹೆದರಬೇಡಿ, ಹೊಸ ಪದ್ಧತಿಯಲ್ಲಿದ್ದರೆ ನಿಮಗೆ ಒಂದು ರೂಪಾಯಿ ಫರಕಿಲ್ಲ. 2028ರ ಜೂನ್‌ನಲ್ಲಿ ಮತ್ತೊಂದು ಕಾರಿನ ಬ್ರೋಷರ್ ಹಿಡಿದು ಬಂದಾಗ ಮಾತ್ರ ಈ ಎರಡು ಸೊನ್ನೆಗಳನ್ನು ನೆನಪಿಸಿಕೊಳ್ಳಿ.

ಉಳಿದದ್ದು ಮನೆಯ ಮಾತು. ಅದನ್ನು ಕೊನೆಗೆ ಬಿಟ್ಟದ್ದು ಹಗುರ ಅಂತಲ್ಲ, ನೀವು ಪತ್ರದಲ್ಲಿ ಅದನ್ನು ಒಂದೇ ಸಾಲಿನಲ್ಲಿ ಮುಗಿಸಿದಿರಿ, ಅದಕ್ಕೆ. ಕಂಪನಿ ಕೇಳಿದ್ದಕ್ಕೆ ‘ಗಮನಿಸಿಲ್ಲ’ ಅಂದದ್ದು ಒಂದು ತಪ್ಪಾದರೆ, ಹೆಂಡತಿ ಇನ್‌ಕ್ರಿಮೆಂಟಾ ಅಂದಾಗ ‘ಹೌದು’ ಅಂದದ್ದು ಅದಕ್ಕಿಂತ ದೊಡ್ಡದು. ಅವರು ಆ ಅಂಕಿಯನ್ನು ನಂಬಿ ಮನಸ್ಸಿನಲ್ಲಿ ಏನೇನು ಲೆಕ್ಕ ಹಾಕಿದ್ದಾರೋ, ಮಗುವಿನ ಶಾಲೆಯೋ, ಚೀಟಿಯೋ, ನಿಮಗೆ ತಿಳಿಯದು. 61,600 ಬರುತ್ತಿದ್ದ ಖಾತೆಗೆ 41,540 ಬಿದ್ದರೆ ಬ್ಯಾಂಕಿನ ಮೆಸೇಜೇ ಅವರಿಗೆ ಎಲ್ಲ ಹೇಳುತ್ತದೆ, ಅದೂ ಅರ್ಧಂಬರ್ಧ. ಮೈದುನನಿಗೆ 40,000 ಹೋದದ್ದು ಆಮೇಲೆ ಊರಿನಿಂದ ಗೊತ್ತಾಗುತ್ತದೆ. ಅಷ್ಟರಲ್ಲಿ ಮಾತು ರೊಕ್ಕದ್ದಾಗಿ ಉಳಿದಿರುವುದಿಲ್ಲ. ಸ್ಲಿಪ್ಪು, ಎಚ್.ಆರ್. ಮೇಲ್, ಮೇಲಿನ ಲೆಕ್ಕ ಮೂರನ್ನೂ ಮುಂದಿಟ್ಟು ಕೂತು ಹೇಳಿ. ಸಿಟ್ಟಾಗುತ್ತಾರೆ, ಆಗಲಿ. 4,580 ಎಲ್ಲಿ ಉಳಿಸುವುದು ಅಂತ ನಿಮಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ಈ ವರ್ಷ ಯುಗಾದಿ ಮಾರ್ಚ್ 19ಕ್ಕೆ. ಪಗಾರದ ಲೆಕ್ಕ ಮುಚ್ಚುವುದೂ ಹೆಚ್ಚೂಕಮ್ಮಿ ಆ ವಾರದಲ್ಲೇ. ರಾತ್ರಿ ಪಾಳಿ ಮುಗಿದ ಬೆಳಿಗ್ಗೆ ಸೀದಾ ಎಚ್.ಆರ್. ಆಫೀಸಿಗೆ ಹೋಗಬೇಡಿ. ಮನೆಗೆ ಹೋಗಿ, ಹೇಳುವುದನ್ನು ಹೇಳಿ, ನಿದ್ದೆ ಮಾಡಿ, ಮಧ್ಯಾಹ್ನ ಮೇಲ್ ಕಳಿಸಿ, ಮರುದಿನ ಕಂಡು ಬನ್ನಿ.